ಶೆನಂಡೋವಾ ಬೆಟ್ಟದಲ್ಲಿ ಕೆಂಚನ ಜೊತೆ

ವರ್ಜೀನಿಯಾದ ಬ್ಲೂ ರಿಜ್ ಬೆಟ್ಟಸಾಲಿಗೆ ವಸಂತ ಒಂದೇ ಸಲಕ್ಕೆ ಬರುವುದಿಲ್ಲ. ಮೊದಲು ಕಣಿವೆಗೆ ಬಂದು, ಅಲ್ಲಿಂದ ದಿನಕ್ಕೆ ಹೆಚ್ಚುಕಡಿಮೆ ನೂರು ಅಡಿಯ ಲೆಕ್ಕದಲ್ಲಿ ಬೆಟ್ಟ ಹತ್ತುತ್ತದೆ. ಏಪ್ರಿಲ್ ಕೊನೆಗೆ ಕೆಳಗಿನ ಲುರೇ ಪೇಟೆಯಲ್ಲಿ ಮರಗಳು ಎಲೆ ತುಂಬಿಕೊಂಡಿರುತ್ತವೆ. ಮೂರೂವರೆ ಸಾವಿರ ಅಡಿ ಎತ್ತರದ ಬಿಗ್ ಮೆಡೋಸ್ ಬಯಲಿನ ಸುತ್ತ ಓಕ್ ಮರಗಳು ಆಗಿನ್ನೂ ಬೋಳು. ನಡುವಿನ ತಿರುವಿನಲ್ಲೆಲ್ಲಾದರೂ ಗಾಡಿ ನಿಲ್ಲಿಸಿ ನೋಡಿದರೆ, ಹಸಿರು ಇವತ್ತು ಎಲ್ಲಿಯವರೆಗೆ ಬಂದಿದೆ ಎಂಬ ಗೆರೆ ಬೆಟ್ಟದ ಮೈಮೇಲೆ ಸ್ಪಷ್ಟವಾಗಿ ಕಾಣುತ್ತದೆ. ನಾಳೆ ಅದೇ ಜಾಗದಲ್ಲಿ ನಿಂತರೆ ಗೆರೆ ಒಂದಿಷ್ಟು ಮೇಲಕ್ಕೆ ಸರಿದಿರುತ್ತದೆ. ನಾನು ಹುಟ್ಟಿ ಬೆಳೆದ ಮಲೆನಾಡಿನ ಸಾಗರದ ಕಡೆ ಕಾಡು ಪೂರ್ತಿ ಬೋಳಾಗುವುದೆಂದೇ ಇಲ್ಲ. ಯುಗಾದಿಯ ಹೊತ್ತಿಗೆ ಹಳೆ ಎಲೆಗಳ ನಡುವೆಯೇ ಕೆಂಪು ಚಿಗುರು ಕಾಣಿಸಿಕೊಂಡಿರುತ್ತದೆ, ಅಷ್ಟೆ. ಋತುವೊಂದು ನಿಧಾನವಾಗಿ ಬೆಟ್ಟ ಹತ್ತುವುದನ್ನು ಕಣ್ಣಾರೆ ಕಂಡದ್ದು ನನಗೆ ಅದೇ ಮೊದಲು. ಅದನ್ನು ಕಾಣಬೇಕೆಂದರೆ ಒಂದೇ ಕಡೆ ಕೆಲವು ದಿನ ಕೂರಬೇಕು. ನಾವು ಕೂತೆವು.

ಮಗಳು ಅಳಿಯ ಇರುವುದು ವಾಷಿಂಗ್ಟನ್‌ನ ಹೊರವಲಯದಲ್ಲಿ, ವರ್ಜೀನಿಯಾ ಸೀಮೆಯೊಳಗೆ. ನಾನು ಹೋದ ಸುದ್ದಿ ತಿಳಿದವರೆಲ್ಲ ನಯಾಗರಾ ಯಾವಾಗ, ನ್ಯೂಯಾರ್ಕ್ ಯಾವಾಗ ಎಂದು ಕೇಳುತ್ತಿದ್ದರು. ನನಗೆ ಮಾತ್ರ ಮಗಳ ಮುಖದಲ್ಲಿನ ದಣಿವೇ ಕಾಣುತ್ತಿತ್ತು. ಅವರಿಬ್ಬರಿಗೂ ಆಫೀಸು ಮುಗಿದರೂ ಫೋನು ಮುಗಿಯುವುದಿಲ್ಲ. ಊಟದ ತಟ್ಟೆಯ ಪಕ್ಕದಲ್ಲೇ ಅದು ಮಿನುಗುತ್ತಿರುತ್ತದೆ. "ಎಲ್ಲಿಗೂ ಓಡಿಸಬೇಡ ಮಗಾ, ಎಲ್ಲಾದರೂ ಒಂದು ಕಡೆ ಸುಮ್ಮನೆ ಕೂತು ಬರೋಣ" ಅಂದೆ. ಅಳಿಯಂದಿರು ಒಂದು ಆರ್‌ವಿ ಬಾಡಿಗೆಗೆ ಹಿಡಿದರು. ಬಿಟ್ಟು ಹೋಗುವ ಮಾತೇ ಇಲ್ಲದ ಇನ್ನೊಬ್ಬ ಸದಸ್ಯ ಮನೆಯಲ್ಲಿದ್ದ. ಅವನೇ ಕೆಂಚ. ಯಾರೋ ಬಿಟ್ಟುಹೋದ ನಾಯಿಗಳನ್ನು ಸಾಕುವ ಕೇಂದ್ರದಿಂದ ತಂದ, ಬೀಗಲ್ ಬೆರಕೆಯ, ಜೋಲುಕಿವಿಯ ಕಂದು ನಾಯಿ. ನನ್ನ ತವರುಮನೆಯ ಅಂಗಳದಲ್ಲಿ ಮಲಗಿರುತ್ತಿದ್ದ ನಾಯಿಯ ಹೆಸರನ್ನೇ ಮಗಳು ಇವನಿಗೂ ಇಟ್ಟಿದ್ದಾಳೆ.

ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದರೊಳಗೆ ನಾಲ್ಕು ದಿನ ಬಾಳಿದವರಿಗೆ ಮಾತ್ರ ಆ ಮನೆಯ ಮರ್ಮ ತಿಳಿಯುತ್ತದೆ. ನಮ್ಮದು 25 ಅಡಿ ಉದ್ದದ್ದು. ಚಾಲಕನ ತಲೆಯ ಮೇಲೆ ಒಂದು ಅಟ್ಟ, ಅಲ್ಲೊಂದು ಹಾಸಿಗೆ. ಹಿಂದೆ ಇನ್ನೊಂದು ಹಾಸಿಗೆ. ನಡುವೆ ಮೂರು ಬರ್ನರಿನ ಒಲೆ, ಪುಟ್ಟ ಫ್ರಿಜ್ಜು, ಮಡಚುವ ಮೇಜು, ಒಬ್ಬರು ನಿಲ್ಲುವಷ್ಟು ಬಚ್ಚಲು. ಹೊಟ್ಟೆಯೊಳಗೆ ಮೂರು ತೊಟ್ಟಿ: ಬಳಸುವ ನೀರಿನದ್ದು ಒಂದು, ಪಾತ್ರೆ ತೊಳೆದು ಮಿಂದ ನೀರು ಸೇರುವುದಕ್ಕೆ ಒಂದು, ಕಕ್ಕಸಿನದ್ದು ಒಂದು. ಫ್ರಿಜ್ಜು, ಒಲೆ, ಚಳಿಗೆ ಬಿಸಿಗಾಳಿ ಎಲ್ಲಕ್ಕೂ ಪ್ರೊಪೇನ್ ಅನಿಲ. ದೀಪಕ್ಕೂ ನೀರೆತ್ತುವ ಪುಟ್ಟ ಪಂಪಿಗೂ ಬ್ಯಾಟರಿ. ಅಮೆರಿಕದ ಖಾಸಗಿ ಕ್ಯಾಂಪ್‌ಗ್ರೌಂಡುಗಳಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ವಿದ್ಯುತ್ತು, ನೀರು, ಚರಂಡಿಯ ಕೊಳವೆ ಮೂರನ್ನೂ ಜೋಡಿಸಿಕೊಳ್ಳಬಹುದು. ಶೆನಂಡೋವಾ ರಾಷ್ಟ್ರೀಯ ಉದ್ಯಾನದೊಳಗಿನ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ಅದು ಇಲ್ಲ. ಹೊತ್ತುಕೊಂಡು ಹೋದ ನೀರು, ತುಂಬಿಸಿಕೊಂಡ ಬ್ಯಾಟರಿ, ಅಷ್ಟರಲ್ಲೇ ಸಂಸಾರ. ಜನರೇಟರು ಇದ್ದರೂ ಬೆಳಿಗ್ಗೆ ಸಂಜೆ ಗೊತ್ತುಮಾಡಿದ ಕೆಲವೇ ಗಂಟೆ ಹಾಕಬಹುದು, ಅದೂ ಎಲ್ಲ ಸಾಲಿನಲ್ಲಿ ಅಲ್ಲ. ಬಾವಿಯಿಂದ ನೀರು ಸೇದಿ ಬೆಳೆದ ನನಗೆ ಇದು ಕಷ್ಟವೆನಿಸಲಿಲ್ಲ. ಒಂದು ಲೋಟ ನೀರಿನಲ್ಲಿ ತಟ್ಟೆ ತೊಳೆಯುವುದನ್ನು ಮಗಳು ನನ್ನಿಂದ ಆಗ ಕಲಿತಳು.

ಉದ್ಯಾನ ಇರುವುದು ವಾಷಿಂಗ್ಟನ್ನಿನಿಂದ ಪಶ್ಚಿಮಕ್ಕೆ ಸುಮಾರು 75 ಮೈಲಿ ದೂರದಲ್ಲಿ. ಉತ್ತರದ ಫ್ರಂಟ್ ರಾಯಲ್ ಊರಿನಿಂದ ದಕ್ಷಿಣದ ರಾಕ್‌ಫಿಶ್ ಗ್ಯಾಪ್‌ವರೆಗೆ 105 ಮೈಲಿ ಉದ್ದಕ್ಕೆ, ಬೆಟ್ಟದ ನೆತ್ತಿಯ ಮೇಲೆಯೇ ಸ್ಕೈಲೈನ್ ಡ್ರೈವ್ ಎಂಬ ರಸ್ತೆ ಸಾಗುತ್ತದೆ. ಗಂಟೆಗೆ 35 ಮೈಲಿಗಿಂತ ವೇಗವಾಗಿ ಯಾರೂ ಹೋಗುವಂತಿಲ್ಲ. ಬಲಕ್ಕೆ ಶೆನಂಡೋವಾ ನದಿಯ ಕಣಿವೆ, ಎಡಕ್ಕೆ ಇಳಿಯುತ್ತ ಹೋಗುವ ಪೀಡ್‌ಮಾಂಟ್ ಸೀಮೆ, ದಾರಿಯುದ್ದಕ್ಕೂ ಗಾಡಿ ನಿಲ್ಲಿಸಿ ನೋಡಲು ಹತ್ತಾರು ತಾಣ. ಈ ರಸ್ತೆ ಶುರುವಾದದ್ದು 1931ರಲ್ಲಿ, ಬರ ಬಿದ್ದು ಊರವರಿಗೆ ಕೂಲಿಯಿಲ್ಲದ ಕಾಲದಲ್ಲಿ. 1933ರ ಮೇ ತಿಂಗಳಿಂದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು ಬಂದು ಶಿಬಿರ ಹೂಡಿದರು. ಕೆಲಸವಿಲ್ಲದ ಮನೆಗಳ ಯುವಕರು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ. ರಸ್ತೆಯಂಚಿನ ಕಲ್ಲುಕಟ್ಟೆ, ಕಾಲುದಾರಿ, ನೆಟ್ಟ ಮರಗಳಲ್ಲಿ ಬಹುಪಾಲು ಅವರ ಕೈಕೆಲಸ. ತೊಂಬತ್ತು ವರ್ಷದ ಆ ಕಟ್ಟೆಗಳ ಮೇಲೆ ಕೂತು ನಾವು ಚುರುಮುರಿ ತಿಂದೆವು. ಒಂದು ಕಲ್ಲೂ ಅಲುಗಿಲ್ಲ.

ಆರ್‌ವಿಯವರು ಈ ದಾರಿಯಲ್ಲಿ ಗಮನ ಇಡಬೇಕಾದ್ದು ಒಂದೇ, 32ನೇ ಮೈಲಿಯ ಮೇರೀಸ್ ರಾಕ್ ಸುರಂಗ. ಬಂಡೆಯನ್ನು ಕೊರೆದು 1932ರಲ್ಲಿ ಮುಗಿಸಿದ್ದು, ಉದ್ದ ಆರುನೂರು ಅಡಿಗೂ ಮೇಲು, ಎತ್ತರ 12 ಅಡಿ 8 ಇಂಚು. ಗಾಡಿಯ ನೆತ್ತಿಯಲ್ಲಿ ಏಸಿ ಯಂತ್ರ ಕೂತಿರುತ್ತದಲ್ಲ, ಅದನ್ನೂ ಸೇರಿಸಿ ಅಳೆಯಬೇಕು. ಅಳಿಯಂದಿರು ಹೊರಡುವ ಮೊದಲೇ ಟೇಪು ಹಿಡಿದು ಅಳೆದು, ಅಂಕಿಯನ್ನು ಚೀಟಿಯಲ್ಲಿ ಬರೆದು ಕನ್ನಡಿಯ ಕೆಳಗೆ ಅಂಟಿಸಿದ್ದರು.

"ಅತ್ತೆ, ಒಂದು ಅಡಿಗಿಂತ ಜಾಸ್ತಿ ಜಾಗ ಉಳಿಯುತ್ತೆ. ಹೆದರಬೇಡಿ."

"ಹೆದರಿಕೆ ಏನಿಲ್ಲ, ನೀವು ನಿಧಾನ ಹೋಗಿ" ಅಂದೆ.

ಸುರಂಗದೊಳಗೆ ಕೆಂಚ ಎದ್ದು ನಿಂತು ಒಮ್ಮೆ ಊಳಿಟ್ಟ. ಬಂಡೆಯೂ ಊಳಿಟ್ಟಿತು. ಅವನು ತಲೆ ವಾರೆ ಮಾಡಿ, ಒಳಗೆ ಇನ್ನೊಬ್ಬ ಯಾರಿದ್ದಾನೆಂದು ಹುಡುಕಿದ. ಸುರಂಗ ಬೇಡವೆನ್ನುವವರು ದಕ್ಷಿಣದ ಸ್ವಿಫ್ಟ್ ರನ್ ಗ್ಯಾಪ್ ಬಾಗಿಲಿನಿಂದ ಹತ್ತಿದರೆ ಅದರ ತಂಟೆಯಿಲ್ಲದೆ ಬಿಗ್ ಮೆಡೋಸ್ ಸೇರಬಹುದು.

ಬಿಗ್ ಮೆಡೋಸ್ ಇರುವುದು 51ನೇ ಮೈಲಿಯಲ್ಲಿ. ಸುತ್ತ ಕಾಡು, ನಡುವೆ ನೂರು ಎಕರೆಗೂ ಮೀರಿದ ಹುಲ್ಲುಬಯಲು. ಕಾಡು ಅದನ್ನು ನುಂಗದಿರಲೆಂದು ಉದ್ಯಾನದವರು ಹುಲ್ಲು ಕೊಯ್ದು, ಹದವಾಗಿ ಬೆಂಕಿ ಕೊಟ್ಟು ಕಾಪಾಡುತ್ತಾರೆ. 1936ರ ಜುಲೈ 3ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಈ ಬಯಲಿಗೇ ಬಂದು ಉದ್ಯಾನವನ್ನು ಜನರಿಗೆ ಅರ್ಪಿಸಿದರು. ನಮಗೆ ಸಿಕ್ಕ ಜಾಗ ಬಯಲಿಗೆ ಹತ್ತಿರ, ಓಕ್ ಮರಗಳ ಕೆಳಗೆ. ಚಕ್ರದಡಿ ಹಲಗೆ ಕೊಟ್ಟು ಗಾಡಿಯನ್ನು ಮಟ್ಟ ಮಾಡಿದ ಮೇಲೆ ಮಾಡಲು ಕೆಲಸವೇ ಉಳಿಯಲಿಲ್ಲ. ಫೋನಿಗೆ ಸಿಗ್ನಲ್ ಅಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮೊದಲ ಸಂಜೆ ಮಗಳು ಅದನ್ನು ಎತ್ತಿ ಎತ್ತಿ ಆಕಾಶಕ್ಕೆ ಹಿಡಿಯುತ್ತಿದ್ದಳು. ಮಾರನೇ ದಿನದ ಹೊತ್ತಿಗೆ ಅದು ಚಮಚದ ಡ್ರಾಯರಿನಲ್ಲಿ ಮಲಗಿತ್ತು.

ಬೆಂಕಿ ಹಾಕಲು ಸೌದೆಯನ್ನು ಮನೆಯಿಂದ ತರುವಂತಿಲ್ಲ. ಶಾಖ ಕೊಟ್ಟು ಹುಳು ಕೊಂದ ಕಟ್ಟಿಗೆಯನ್ನೇ ಕೊಳ್ಳಬೇಕು, ಇಲ್ಲವೇ ಅಲ್ಲಿಯೇ ಬಿದ್ದ ಒಣ ಕೊಂಬೆ ಆರಿಸಿಕೊಳ್ಳಬೇಕು. ಕಾರಣ ಕೇಳಿದಾಗ ನನಗೆ ಈ ನಿಯಮದ ಮೇಲೆ ಗೌರವ ಬಂತು. ಆ್ಯಶ್ ಮರಗಳ ತೊಗಟೆಯೊಳಗೆ ಕೊರೆಯುವ ಹಸಿರು ದುಂಬಿಯೊಂದು ಹೀಗೆ ಸೌದೆಯ ಜೊತೆ ಊರಿಂದೂರಿಗೆ ಸಾಗಿ ಕಾಡುಗಳನ್ನೇ ಒಣಗಿಸಿದೆ. ಇದಕ್ಕೂ ಹಿಂದೆ ಚೆಸ್ಟ್‌ನಟ್ ಮರಗಳಿಗೂ ಇಂಥದೇ ಗತಿಯಾಗಿತ್ತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಈ ಬೆಟ್ಟಸಾಲಿನ ದೊಡ್ಡ ಚೆಸ್ಟ್‌ನಟ್‌ಗಳನ್ನೆಲ್ಲ ಕೆಲವೇ ದಶಕಗಳಲ್ಲಿ ಕೊಂದುಹಾಕಿತು. 1939ರಲ್ಲಿ ಕಟ್ಟಿದ ಬಿಗ್ ಮೆಡೋಸ್ ಲಾಡ್ಜಿನ ಒಳಗೋಡೆಗೆ ಹಾಕಿರುವುದು ಆ ಸತ್ತ ಮರಗಳ ಹಲಗೆ. ಹುಳು ಕೊರೆದ ಸಣ್ಣ ಸಣ್ಣ ತೂತುಗಳ ಮೇಲೆ ಬೆರಳಾಡಿಸಿ ನೋಡಿದೆ. ಕಾಡಿನಲ್ಲಿ ಹಳೆಯ ಬೇರುಗಳಿಂದ ಇವತ್ತಿಗೂ ಚೆಸ್ಟ್‌ನಟ್ ಚಿಗುರುತ್ತದೆ, ಆಳೆತ್ತರಕ್ಕೆ ಬಂದು ಮತ್ತೆ ರೋಗ ತಗುಲಿ ಸಾಯುತ್ತದೆ.

ಕರಡಿಯ ವಿಷಯದಲ್ಲಿ ಕ್ಯಾಂಪ್‌ಗ್ರೌಂಡಿನವರು ಬಹಳ ಕಟ್ಟುನಿಟ್ಟು. ಉಂಡ ಮೇಲೆ ಮೇಜಿನ ಮೇಲೆ ಒಂದು ಅಗುಳೂ ಇರಕೂಡದು. ನಾಯಿಯ ತಟ್ಟೆಯೂ ಗಾಡಿಯೊಳಗೆ ಹೋಗಬೇಕು. ಉದ್ಯಾನ ಶುರುವಾದಾಗ ಇಲ್ಲಿ ಕರಡಿ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಜಿಂಕೆಗಳಂತೂ ಪೂರ್ತಿ ಮುಗಿದು, ಹೊರಗಿನಿಂದ ತಂದು ಬಿಡಬೇಕಾಯಿತು. ಈಗ ಕರಡಿಗಳು ನೂರಾರು ಇವೆ. ಜಿಂಕೆಗಳು ಸಂಜೆ ಟೆಂಟುಗಳ ನಡುವೆಯೇ ಮೇಯುತ್ತವೆ. ಕಾಡನ್ನು ಅದರ ಪಾಡಿಗೆ ಬಿಟ್ಟರೆ ತೊಂಬತ್ತು ವರ್ಷದಲ್ಲಿ ಏನೆಲ್ಲ ಮರಳಿ ಬರಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಾನು ಕಂಡಿಲ್ಲ. ಒಂದು ಮುಂಜಾನೆ ಬಯಲಿನಾಚೆಯ ಮರದ ಕವಲಿನಲ್ಲಿ ಕಪ್ಪಗೆ ಏನೋ ಕಂಡಿತು. ಬೈನಾಕ್ಯುಲರ್ ಇಟ್ಟು ನೋಡಿದರೆ ಕರಡಿಮರಿ. ತಾಯಿ ಕೆಳಗೆಲ್ಲೋ ಇದ್ದಿರಬೇಕು. ಕೆಂಚನಿಗೆ ಕಣ್ಣಿಗಿಂತ ಮೊದಲೇ ಮೂಗಿಗೆ ಗೊತ್ತಾಗಿತ್ತು. ಬಾಲ ಕಾಲಿನ ನಡುವೆ ಸೇರಿಸಿ, ಒಂದೂ ಸದ್ದು ಮಾಡದೆ ನನ್ನ ಕಾಲಿಗೆ ಒತ್ತಿಕೊಂಡು ನಿಂತ. ನಾವು ಬಂದ ದಾರಿಯಲ್ಲೇ ಹಿಂತಿರುಗಿದೆವು.

ಅಮೆರಿಕದ ಹೆಚ್ಚಿನ ರಾಷ್ಟ್ರೀಯ ಉದ್ಯಾನಗಳಲ್ಲಿ ನಾಯಿಗೆ ಟಾರು ರಸ್ತೆ ಮತ್ತು ಕ್ಯಾಂಪ್‌ಗ್ರೌಂಡು ಬಿಟ್ಟರೆ ಕಾಲಿಡಲು ಜಾಗವಿಲ್ಲ. ಶೆನಂಡೋವಾ ಹಾಗಲ್ಲ. ಸುಮಾರು 500 ಮೈಲಿ ಕಾಲುದಾರಿಯಲ್ಲಿ 20 ಮೈಲಿಗೂ ಕಡಿಮೆ ಭಾಗ ಮಾತ್ರ ನಾಯಿಗಳಿಗೆ ನಿಷಿದ್ಧ. ಉಳಿದಲ್ಲೆಲ್ಲ ಆರು ಅಡಿಯೊಳಗಿನ ಹಗ್ಗ ಹಿಡಿದು ಕರೆದುಕೊಂಡು ಹೋಗಬಹುದು. ಡಾರ್ಕ್ ಹಾಲೋ ಜಲಪಾತದ ದಾರಿ, ಸ್ಟೋನಿ ಮ್ಯಾನ್, ಬಂಡೆ ಹತ್ತಬೇಕಾದ ಬೇರ್‌ಫೆನ್ಸ್, ಓಲ್ಡ್ ರ‍್ಯಾಗ್ ಇವು ನಿಷಿದ್ಧ ಪಟ್ಟಿಯಲ್ಲಿವೆ. ಹೀಗಾಗಿ ನಾವು ಡಾರ್ಕ್ ಹಾಲೋ ಬಿಟ್ಟು ರೋಸ್ ರಿವರ್ ದಾರಿ ಹಿಡಿದೆವು. ಅದೂ ನೀರಿನ ದಾರಿಯೇ, ಜನ ಕಡಿಮೆ.

ನಾಯಿಯ ಜೊತೆ ನಡೆಯುವಾಗ ನಮ್ಮ ನಡಿಗೆಯೇ ಬೇರೆಯಾಗುತ್ತದೆ. ಅಳಿಯಂದಿರು ಮೊದಮೊದಲು ಗಡಿಯಾರ ನೋಡಿ ಮೈಲಿ ಲೆಕ್ಕ ಹಾಕುತ್ತಿದ್ದರು. ಕೆಂಚನಿಗೆ ಮೈಲಿ ಗೊತ್ತಿಲ್ಲ. ಒಂದು ಕೊಳೆತ ದಿಮ್ಮಿಯ ಹತ್ತಿರ ಅವನು ನಿಂತರೆ, ಆ ದಿಮ್ಮಿಯ ಸುದ್ದಿಯನ್ನೆಲ್ಲ ಮೂಗಿನಿಂದ ಓದಿ ಮುಗಿಸದೆ ಕದಲುವುದಿಲ್ಲ. ಅವನು ನಿಂತಲ್ಲಿ ನಾವು ನಿಲ್ಲಬೇಕು, ನಿಂತ ಮೇಲೆ ನೆಲ ನೋಡಬೇಕು. ನೆಲ ನೋಡಿದ್ದಕ್ಕೇ ನಮಗೆ ಆ ಬೆಟ್ಟದ ವಸಂತ ಸಿಕ್ಕಿದ್ದು. ಅಲ್ಲಿನ ಹೂವು ಮರದ ಮೇಲಿಗಿಂತ ಹೆಚ್ಚಾಗಿ ಕಾಲಬುಡದಲ್ಲಿದೆ.

ಮರಗಳು ಎಲೆ ಹೊದ್ದು ನೆರಳು ಮಾಡುವ ಮೊದಲಿನ ಕೆಲವೇ ವಾರ ಸೂರ್ಯನ ಬೆಳಕು ಕಾಡಿನ ನೆಲ ಮುಟ್ಟುತ್ತದೆ. ಅಷ್ಟರಲ್ಲೇ ಅರಳಿ ಮುಗಿಸುವ ಗಿಡಗಳ ಒಂದು ದಂಡೇ ಅಲ್ಲಿದೆ. ಹೆಪಾಟಿಕಾ, ಎಲೆಯ ಮೇಲೆ ಕಂದು ಚುಕ್ಕೆಯಿರುವ ಹಳದಿ ಟ್ರೌಟ್ ಲಿಲಿ, ದಂಟು ಮುರಿದರೆ ಕೆಂಪು ರಸ ಒಸರುವ ಬ್ಲಡ್‌ರೂಟ್. ಎಲ್ಲಕ್ಕಿಂತ ನನ್ನ ಮನಸ್ಸು ಹಿಡಿದದ್ದು ಟ್ರಿಲಿಯಂ. ಮೂರು ಎಲೆ, ಮೂರು ಹಸಿರು ಪುಷ್ಪಪತ್ರ, ಮೂರು ಬಿಳಿ ಎಸಳು. ನಮ್ಮ ಬಿಲ್ವದ ದಳ ಕಂಡಷ್ಟೇ ಸಂತೋಷವಾಯಿತು. ಅರಳಿದ ದಿನ ಬೆಳ್ಳಗಿದ್ದ ಎಸಳು ಮುಪ್ಪಾಗುತ್ತ ಗುಲಾಬಿಗೆ ತಿರುಗುತ್ತದೆ. ಒಂದೇ ಇಳಿಜಾರಿನಲ್ಲಿ ಬಿಳಿಯದೂ ಗುಲಾಬಿಯದೂ ಬೆರೆತು ನಿಂತಿದ್ದವು. ಬೀಜ ಬಿದ್ದ ಮೇಲೆ ಮೊದಲ ಹೂವು ಬಿಡಲು ಏಳು ವರ್ಷವಾದರೂ ಬೇಕು. ಬೀಜದ ತುದಿಯಲ್ಲಿ ಎಣ್ಣೆಯಂಶದ ಸಣ್ಣ ತುಣುಕೊಂದಿರುತ್ತದೆ. ಅದರ ಆಸೆಗೆ ಇರುವೆಗಳು ಬೀಜವನ್ನು ಹೊತ್ತೊಯ್ದು, ತುಣುಕು ತಿಂದು, ಬೀಜವನ್ನು ಗೂಡಿನ ಹತ್ತಿರ ಬಿಸಾಡುತ್ತವೆ. ಗಿಡ ಕಾಡಿನಲ್ಲಿ ಹರಡುವುದು ಹೀಗೆ, ಇರುವೆಯ ಹೆಜ್ಜೆಯಷ್ಟು ನಿಧಾನವಾಗಿ. ದೇವರಿಗೆಂದು ಸಿಕ್ಕ ಹೂವನ್ನೆಲ್ಲ ಕೊಯ್ಯುವ ಕೈ ನನ್ನದು. ಅಲ್ಲಿ ಒಂದನ್ನೂ ಮುಟ್ಟಲು ಮನಸ್ಸು ಬರಲಿಲ್ಲ. ದಿನಾ ಸಂಜೆ ಹೋಗಿ ಪಕ್ಕದಲ್ಲಿ ಕೂತು ಬರುತ್ತಿದ್ದೆ.

ಇಷ್ಟು ಚೆಂದದ ನೆಲದಲ್ಲಿ ಕಣ್ಣಿಡಬೇಕಾದ ಇನ್ನೊಂದು ಪ್ರಾಣಿ ಉಣುಗು. ಮರಿಯುಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. 1970ರ ದಶಕದಲ್ಲಿ ಕನೆಟಿಕಟ್ ರಾಜ್ಯದ ಲೈಮ್ ಎಂಬ ಊರಿನಲ್ಲಿ ಗುರುತಿಸಿದ ಲೈಮ್ ಕಾಯಿಲೆಯನ್ನು ಹರಡುವುದು ಇದೇ. ನನಗೆ ಇದನ್ನು ಯಾರೂ ಹೆಚ್ಚು ವಿವರಿಸಬೇಕಾಗಲಿಲ್ಲ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ಮಲೆನಾಡಿನವರು ಉಣುಗಿನ ಭಯದಲ್ಲೇ ಬೇಸಿಗೆ ಕಳೆದವರು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ನಡೆದೆವು. ದಿನಾ ಸಂಜೆ ಕೆಂಚನನ್ನು ಅಂಗಾತ ಮಲಗಿಸಿ, ಕಿವಿಯ ಮಡಿಕೆ, ಕಂಕುಳು, ಬೆರಳ ಸಂದು ಎಲ್ಲ ತಡವಿ ನೋಡುವುದು ನನ್ನ ಕೆಲಸ. ಅವನಿಗೆ ಲೈಮ್ ಲಸಿಕೆ ಆಗಿತ್ತು, ಆದರೂ ಬಿಡಲಿಲ್ಲ. ಅವನಿಗೆ ಅದು ಎಣ್ಣೆಸ್ನಾನದ ಸುಖ. ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದ.

52.8ನೇ ಮೈಲಿಯ ಮೈಲಮ್ ಗ್ಯಾಪ್‌ನಿಂದ ಮಿಲ್ ಪ್ರಾಂಗ್ ಎಂಬ ಕಾಲುದಾರಿ ಇಳಿದರೆ ರ‍್ಯಾಪಿಡಾನ್ ಕ್ಯಾಂಪ್ ಸಿಗುತ್ತದೆ. ಹೋಗಿಬರಲು ನಾಲ್ಕು ಮೈಲಿ ಚಿಲ್ಲರೆ. ಅಧ್ಯಕ್ಷ ಹರ್ಬರ್ಟ್ ಹೂವರ್ 1929ರಲ್ಲಿ ತನ್ನ ವಿಶ್ರಾಂತಿಗೆಂದು ಕಟ್ಟಿಸಿಕೊಂಡ ಜಾಗ ಇದು. ಅವರು ಹಾಕಿದ ಷರತ್ತು ಮೂರು: ವಾಷಿಂಗ್ಟನ್ನಿನಿಂದ ನೂರು ಮೈಲಿಯೊಳಗಿರಬೇಕು, ಸೊಳ್ಳೆಯಿರದಂತೆ ಎರಡೂವರೆ ಸಾವಿರ ಅಡಿ ಎತ್ತರದಲ್ಲಿರಬೇಕು, ಟ್ರೌಟ್ ಮೀನಿನ ಹೊಳೆ ಬೇಕು. ಎರಡು ತೊರೆಗಳು ಕೂಡಿ ರ‍್ಯಾಪಿಡಾನ್ ನದಿಯಾಗುವಲ್ಲಿ ಈ ಮೂರೂ ಸಿಕ್ಕವು. ಅಧ್ಯಕ್ಷರ ಮನೆಗೆ ಬ್ರೌನ್ ಹೌಸ್ ಎಂದು ಹೆಸರು. ಹಲಗೆಯ ಗೋಡೆ, ಕಲ್ಲಿನ ಬೆಂಕಿಗೂಡು, ಉದ್ದನೆಯ ಜಗಲಿ. 1929ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಇಲ್ಲಿಗೇ ಬಂದು, ಇಬ್ಬರೂ ಹೊಳೆಯ ಪಕ್ಕ ಮರದ ದಿಮ್ಮಿಯ ಮೇಲೆ ಕೂತು ಯುದ್ಧನೌಕೆಗಳನ್ನು ಕಡಿಮೆ ಮಾಡುವ ಮಾತಾಡಿದರು.

ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಗತಿ. ಅದೇ ವರ್ಷ ಹೂವರರ ಹುಟ್ಟುಹಬ್ಬಕ್ಕೆ ಬೆಟ್ಟದ ಹುಡುಗನೊಬ್ಬ ಪೊಸಮ್ ಎಂಬ ಪ್ರಾಣಿಯನ್ನು ಹಿಡಿದು ಉಡುಗೊರೆ ತಂದ. ಮಾತಾಡಿಸಿದಾಗ ಅವನು ಶಾಲೆಯ ಮುಖವನ್ನೇ ಕಂಡಿಲ್ಲ, ಸುತ್ತಲ್ಲೆಲ್ಲೂ ಶಾಲೆಯೇ ಇಲ್ಲ ಎಂಬುದು ತಿಳಿಯಿತು. ಹೂವರ್ ದಂಪತಿ ಅಲ್ಲೊಂದು ಶಾಲೆ ಕಟ್ಟಿಸಿ, ಶಿಕ್ಷಕಿಯನ್ನು ನೇಮಿಸಿದರು. 1930ರಲ್ಲಿ ಶಾಲೆ ತೆರೆಯಿತು. ಜೀವಮಾನವೆಲ್ಲ ಹಳ್ಳಿಶಾಲೆಯಲ್ಲಿ ಪಾಠ ಹೇಳಿದವಳಾದ್ದರಿಂದಲೋ ಏನೋ, ನೌಕೆಗಳ ಕತೆಗಿಂತ ಈ ಕತೆಯೇ ನನ್ನೊಳಗೆ ಉಳಿಯಿತು. ಕೆಂಚ ಅಧ್ಯಕ್ಷರ ಹೊಳೆಯಲ್ಲಿ ಹೊಟ್ಟೆಯವರೆಗೆ ಇಳಿದು ನೀರು ಕುಡಿದ.

ಆ ಹುಡುಗನಂಥವರ ಮನೆಗಳು ಆಮೇಲೆ ಏನಾದವು ಎಂಬುದನ್ನು ಹೇಳದೆ ಈ ಬೆಟ್ಟದ ಚೆಲುವನ್ನಷ್ಟೇ ಬರೆದರೆ ಅನ್ಯಾಯ. ಉದ್ಯಾನ ಮಾಡಲೆಂದು ವರ್ಜೀನಿಯಾ ಸರ್ಕಾರ 1928ರಲ್ಲಿ ಕಾನೂನು ಮಾಡಿ, ಒಪ್ಪಿದವರಿಂದಲೂ ಒಪ್ಪದವರಿಂದಲೂ ಜಮೀನು ತೆಗೆದುಕೊಂಡಿತು. 1935ರ ಡಿಸೆಂಬರ್ 26ರಂದು ಉದ್ಯಾನ ಅಧಿಕೃತವಾಗಿ ಅಸ್ತಿತ್ವಕ್ಕೆ ಬಂತು. ಐನೂರಕ್ಕೂ ಹೆಚ್ಚು ಕುಟುಂಬಗಳು ಬೆಟ್ಟ ಇಳಿದವು. ವಯಸ್ಸಾದ ಕೆಲವರಿಗೆ ಸಾಯುವವರೆಗೆ ಇರಲು ಬಿಟ್ಟರು. ಅವರಲ್ಲಿ ಕೊನೆಯವರಾದ ಆನಿ ಶೆಂಕ್ ಎಂಬ ಅಜ್ಜಿ ತೀರಿಕೊಂಡದ್ದು 1979ರಲ್ಲಿ. ಇನ್ನೊಂದು ಅನ್ಯಾಯವನ್ನೂ ಇಲ್ಲಿಯ ನೆಲ ಕಂಡಿದೆ. ಬಿಗ್ ಮೆಡೋಸ್‌ನಿಂದ ಕೆಲವೇ ಮೈಲಿ ದಕ್ಷಿಣಕ್ಕಿರುವ ಲೂಯಿಸ್ ಮೌಂಟನ್ ಕ್ಯಾಂಪ್‌ಗ್ರೌಂಡನ್ನು 1939ರಲ್ಲಿ ತೆರೆದದ್ದು ಕರಿಯರಿಗೆಂದೇ ಬೇರೆ ಜಾಗವಾಗಿ. 1950ರ ಹೊತ್ತಿಗೆ ಆ ಭೇದ ತೆಗೆದುಹಾಕಿದರು. ಅಲ್ಲಿಗೂ ಹೋಗಿ ಬಂದೆವು. ಈಗ ಎಲ್ಲ ಬಣ್ಣದ ಮಕ್ಕಳೂ ಅಲ್ಲಿ ಸೈಕಲ್ ಹೊಡೆಯುತ್ತಾರೆ.

ಒಂದು ದಿನ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿಯಲ್ಲಿ ನಡೆಯುತ್ತಿದ್ದಾಗ ಕೆಂಚ ದಾರಿಯ ಪಕ್ಕಕ್ಕೆ ಎಳೆದ. ಹೋಗಿ ನೋಡಿದರೆ ಕಾಡಿನ ನಡುವೆ ಹಳದಿ ಡ್ಯಾಫೊಡಿಲ್ ಹೂಗಳ ಸಾಲು. ಅದು ಕಾಡುಹೂವಲ್ಲ, ಯಾರೋ ಕೈಯಾರೆ ನೆಟ್ಟದ್ದು. ಸಾಲಿನ ಹಿಂದೆ ಪಾಚಿಗಟ್ಟಿದ ಕಲ್ಲಿನ ಅಡಿಪಾಯ, ಅರ್ಧ ಕುಸಿದ ಹೊಗೆಗೂಡು, ಆಚೆಗೊಂದು ಮುದಿ ಸೇಬಿನ ಮರ. ಮರ ಹೂ ಬಿಟ್ಟಿತ್ತು. ಬಾಗಿಲ ಎದುರು ಸಾಲಾಗಿ ಗೆಡ್ಡೆ ನೆಟ್ಟ ಆ ಮನೆಯ ಹೆಂಗಸು ಯಾರೋ, ಎಲ್ಲಿಗೆ ಹೋದಳೋ. ಅವಳಿಲ್ಲದೆ ತೊಂಬತ್ತು ವಸಂತ ಆ ಹೂಗಳು ಅದೇ ಜಾಗದಲ್ಲಿ ಎದ್ದಿವೆ. ನನಗೆ ಶರಾವತಿಯ ಮುಳುಗಡೆಯವರ ನೆನಪಾಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಮನೆ, ಅಡಿಕೆ ತೋಟ, ದೇವರಕಟ್ಟೆ ಎಲ್ಲ ಬಿಟ್ಟು ಲಾರಿಯಲ್ಲಿ ಹೊರಟವರ ಮಕ್ಕಳಿಗೆ ನಾನು ಅಕ್ಷರ ಕಲಿಸಿದ್ದೇನೆ. ಭೂಮಿಯ ಹಕ್ಕುಪತ್ರದ ಅಲೆದಾಟ ಅವರಿಗೆ ಇವತ್ತಿಗೂ ತಪ್ಪಿಲ್ಲ. ನಾಡಿಗೆ ಬೆಳಕು ಬಂತು, ನಿಜ. ಇಲ್ಲಿ ಕಾಡು ಮರಳಿ ಬಂತು, ಅದೂ ನಿಜ. ಎರಡು ಕಡೆಯೂ ಬೆಲೆ ತೆತ್ತವರು ಬೇರೆಯವರು. ವಿಶ್ರಾಂತಿಗೆಂದು ಹೋದವರು ಈ ಜಾಗಗಳಲ್ಲಿ ಒಂದು ಗಳಿಗೆಯಾದರೂ ನಿಂತು ಹೋಗಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಮಗಳು ತನ್ನ ನೀರಿನ ಬಾಟಲಿಯಿಂದ ಆ ಹೂಗಳ ಬುಡಕ್ಕೆ ಒಂದಿಷ್ಟು ನೀರು ಹಾಕಿದಳು.

ಮಧ್ಯದಲ್ಲೊಂದು ದಿನ ಬೆಳಗಿನಿಂದಲೇ ಮಂಜು ಮುಸುಕಿ ಮಳೆ ಹಿಡಿಯಿತು. ಎದುರಿನ ಮರವೂ ಕಾಣದು. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಅದೇ ಒಳ್ಳೆಯ ದಿನ. ಗಾಡಿಯ ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಆಗುಂಬೆಯ ಹಂಚಿನ ಮನೆ ಬೇಕೇ? ಒಲೆಯ ಮೇಲೆ ಅಕ್ಕಿರೊಟ್ಟಿ ತಟ್ಟಿದೆ. ಊರಿನಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಮೆಂತ್ಯ ಹುರಿದು ಕಾಯಿ, ಮೊಸರು ಹಾಕಿ ತಂಬುಳಿ ಮಾಡಿದೆ. ಊಟವಾದ ಮೇಲೆ ಮಗಳು ಹಿಂದಿನ ಹಾಸಿಗೆಯಲ್ಲಿ ಉರುಳಿದಳು, ಅವಳ ಕಾಲಬುಡದಲ್ಲಿ ಕೆಂಚ. ಇಬ್ಬರೂ ಎದ್ದದ್ದು ಸಂಜೆ. ಅವಳು ಹಗಲು ಹೊತ್ತು ಹಾಗೆ ನಿದ್ದೆ ಮಾಡಿದ್ದನ್ನು ನಾನು ಅವಳ ಕಾಲೇಜು ದಿನಗಳ ನಂತರ ನೋಡಿರಲಿಲ್ಲ.

"ಅಮ್ಮಾ, ಗಂಟೆ ಎಷ್ಟು?"

"ಗೊತ್ತಿಲ್ಲ ಮಗಾ. ಕಾಫಿ ಮಾಡಲಾ?"

ಮಳೆ ನಿಂತ ಮೇಲೆ ವುಡ್ ಥ್ರಶ್ ಹಾಡಲು ಶುರು ಮಾಡಿತು. ಮಧ್ಯ ಅಮೆರಿಕದಲ್ಲಿ ಚಳಿಗಾಲ ಕಳೆದು, ಮರಿ ಮಾಡಲು ಅಷ್ಟು ದೂರದಿಂದ ಇಲ್ಲಿಗೆ ಹಾರಿಬರುವ ಹಕ್ಕಿ. ಒಂದೇ ಗಂಟಲಿನಿಂದ ಎರಡು ಸ್ವರ ಒಟ್ಟಿಗೆ ಹೊರಡಿಸುತ್ತದೆ. ಕೇಳಿದವರಿಗೆ ದೂರದಲ್ಲಿ ಯಾರೋ ಕೊಳಲೂದುತ್ತಿದ್ದಾರೆ ಎನಿಸದಿರದು. ಪಕ್ಕದ ಗಾಡಿಯ ವೃದ್ಧ ದಂಪತಿ ಕುರ್ಚಿ ಹೊರಗೆ ಹಾಕಿ ಕೂತರು. ಅವರದೂ ಒಂದು ಮುದಿ ನಾಯಿ, ಹಿಂಗಾಲು ಎಳೆಯುತ್ತದೆ. ಕೆಂಚ ಅದರ ಹತ್ತಿರ ಹೋಗಿ, ಆಟಕ್ಕೆ ಕರೆಯದೆ, ಪಕ್ಕದಲ್ಲೇ ಮಲಗಿದ. ನಾಯಿಗಳಿಂದಾಗಿ ನಮಗೂ ಪರಿಚಯವಾಯಿತು. ಅಕ್ಕಿರೊಟ್ಟಿ ಆಚೆ ಹೋಯಿತು, ಅವರು ಮಾಡಿದ ಸೇಬಿನ ಹಲ್ವದಂಥ ತಿನಿಸು ಈಚೆ ಬಂತು.

ಹೊರಡುವ ದಿನದ ಕೆಲಸ ಕೊಳಕಾದರೂ ಹೇಳಲೇಬೇಕು. ಬಿಗ್ ಮೆಡೋಸ್‌ನಲ್ಲಿ ತೊಟ್ಟಿ ಖಾಲಿ ಮಾಡುವ ಜಾಗವಿದೆ. ದಪ್ಪ ಕೊಳವೆ ಜೋಡಿಸಿ ಮೊದಲು ಕಕ್ಕಸಿನ ತೊಟ್ಟಿ ತೆರೆಯಬೇಕು, ಆಮೇಲೆ ಪಾತ್ರೆ ತೊಳೆದ ನೀರಿನದ್ದು. ಹಿಂದಿನಿಂದ ಬಂದ ಸೋಪಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಅಳಿಯಂದಿರು ಕೈಗವಸು ಹಾಕಿ, ಮುಖ ಸಿಂಡರಿಸದೆ ಮಾಡಿದರು. ತಾನು ಮಾಡಿದ ಕೊಳೆಯನ್ನು ತಾನೇ ತೆಗೆಯುವುದು ಒಳ್ಳೆಯ ಶಿಕ್ಷಣ. ನಮ್ಮ ಊರಿನ ಬೆಟ್ಟ, ಜಲಪಾತಗಳಿಗೆ ಹೋಗಿ ಬಾಟಲಿ ಬಿಸಾಡಿ ಬರುವವರಿಗೆ ಇದನ್ನು ಕಲಿಸಬೇಕು. ಬೆಟ್ಟ ಇಳಿಯುವ ಹೊತ್ತಿಗೆ ನಮ್ಮ ಜಾಗದ ಓಕ್ ಮರದಲ್ಲೂ ಮೊಗ್ಗು ಒಡೆದು, ಅಳಿಲಿನ ಕಿವಿಯಗಲದ ಎಲೆ ಬಂದಿತ್ತು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನನ್ನ ವಯಸ್ಸಿನವರಿಗೆ ಒಂದು ಮಾತು. ನಯಾಗರಾ ನೋಡಿ, ಬೇಡವೆನ್ನುವುದಿಲ್ಲ. ಆದರೆ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ನೀವು ಅಲ್ಲಿದ್ದರೆ, ಇಂಥ ಒಂದು ಬೆಟ್ಟಕ್ಕೆ ಕರೆದುಕೊಂಡು ಹೋಗಲು ಮಕ್ಕಳನ್ನು ಕೇಳಿ. ಮನೆಯಲ್ಲಿ ನಾಯಿಯಿದ್ದರೆ ಅದನ್ನು ಬೋರ್ಡಿಂಗಿಗೆ ಬಿಡದೆ ಜೊತೆಗೆ ಕರೆದೊಯ್ಯಲು ಹೇಳಿ. ಬೆಟ್ಟದ ಮೇಲೆ ರಾತ್ರಿ ಚಳಿ ಕಡಿಯುತ್ತದೆ, ಉಣ್ಣೆಯ ಟೋಪಿ ಇರಲಿ. ಬಿಗ್ ಮೆಡೋಸ್‌ನ ಜಾಗಗಳನ್ನು ಆರು ತಿಂಗಳು ಮುಂಚಿತವಾಗಿ ಕಾಯ್ದಿರಿಸಬಹುದು. ಶನಿವಾರ, ಭಾನುವಾರ ಬೇಗ ತುಂಬಿಹೋಗುತ್ತವೆ. ವಾರದ ನಡುವಿನ ದಿನಗಳನ್ನು ಕೇಳಿ, ಊರೂರು ಬದಲಿಸದೆ ಅಷ್ಟೂ ರಾತ್ರಿ ಒಂದೇ ಕಡೆ ಉಳಿಯಿರಿ.